ತೋಬಾ, ಗೋಡೆ ಮತ್ತು ಗೂಢಚಾರರು

‘ತೋಬಾ ತೋಬಾ’ ಅನ್ನುವ ಮಾತು ಕೇಳದ ಕನ್ನಡಿಗರು ಇರಲಿಕ್ಕಿಲ್ಲ. ಎಲ್ಲ ಹಿಂದಿ ಸಿನಿಮಾಗಳ ಪುಣ್ಯ! ತೆರೆಯ ಮೇಲೆ ಯಾರಾದರೂ ಎರಡೂ ಕೆನ್ನೆಗೆ ಮೆಲ್ಲಗೆ ಬಡಿದುಕೊಂಡು ‘ತೋಬಾ ತೋಬಾ’ ಅಂದರೆ ನಮಗೆ ನಗು ಬರುತ್ತದೆ. ನಮ್ಮಲ್ಲಿ ‘ಶಿವ ಶಿವಾ’ ಅಂತೀವಲ್ಲ, ಹಾಗೆಯೇ ಅಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ಆ ಒಂದು ಪದದ ಹಿಂದೆ ಸಾವಿರದ ನಾನೂರು ವರ್ಷಗಳ ಇತಿಹಾಸವಿದೆ. ಮಜಾ ಏನೆಂದರೆ ಆ ಇತಿಹಾಸದಲ್ಲಿ ದೇವರಷ್ಟೇ ಇಲ್ಲ. ಪೊಲೀಸರಿದ್ದಾರೆ, ಗೂಢಚಾರರಿದ್ದಾರೆ, ಬೀಗ ಹಾಕಿದ ಬಾಗಿಲುಗಳಿವೆ, ಹಾರಿದ ಗೋಡೆಗಳಿವೆ. ‘ನಾನು ನನ್ನ ಮನೆಯೊಳಗೆ ಮಾಡಿದ ತಪ್ಪು ಯಾರಿಗೆ ಗೊತ್ತಾಗಬೇಕು?’ ಅನ್ನುವ ಪ್ರಶ್ನೆ ಇದೆ.

ನಾನು ಧರ್ಮಶಾಸ್ತ್ರ ಓದಿದವನಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಇತಿಹಾಸ ಓದುವುದು ಒಂದು ಚಟ, ಅಷ್ಟೆ. ಈ ವಿಷಯದ ಬಗ್ಗೆ ಓದುತ್ತಾ ಹೋದ ಹಾಗೆ ನನಗೆ ಹೊಳೆದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೂತರೆ ಒಳ್ಳೆಯದು :)

ಮೊದಲು ಪದದಿಂದಲೇ ಶುರು ಮಾಡೋಣ. ಅರಬ್ಬಿಯಲ್ಲಿ ‘ತೌಬ’ ಅಂದರೆ ತಿರುಗಿ ಬರುವುದು. ದಾರಿ ತಪ್ಪಿದವನು ವಾಪಸು ಬರುವುದು. ಕುರ್‌ಆನಿನಲ್ಲಿ ಇದೇ ಕ್ರಿಯಾಪದ ಎರಡೂ ಕಡೆಗೆ ಬಳಕೆಯಾಗುತ್ತದೆ. ಮನುಷ್ಯ ದೇವರ ಕಡೆಗೆ ತಿರುಗುತ್ತಾನೆ, ದೇವರೂ ಮನುಷ್ಯನ ಕಡೆಗೆ ತಿರುಗುತ್ತಾನೆ. ದೇವರ ಹೆಸರುಗಳಲ್ಲಿ ‘ತವ್ವಾಬ್’ ಅನ್ನುವುದೂ ಒಂದು, ಮತ್ತೆ ಮತ್ತೆ ತಿರುಗುವವನು ಅಂತ. ಇನ್ನೊಂದು ಪದ ‘ಮಗ್ಫಿರತ್’, ಅಂದರೆ ಕ್ಷಮೆ. ಅದರ ಮೂಲಧಾತುವಿಗೆ ‘ಮುಚ್ಚುವುದು’ ಅನ್ನುವ ಅರ್ಥವಿದೆ. ಯುದ್ಧಕ್ಕೆ ಹೋಗುವ ಸೈನಿಕ ತಲೆಗೆ ಹಾಕಿಕೊಳ್ಳುತ್ತಿದ್ದ ಕಬ್ಬಿಣದ ಬಲೆಯ ಕುಲಾವಿಗೆ ‘ಮಿಗ್ಫರ್’ ಅನ್ನುತ್ತಿದ್ದರು. ಅದೇ ಧಾತು! ಅಂದರೆ ಕ್ಷಮಿಸುವುದು ಅಂದರೆ ಕಾಪಾಡುವಂತೆ ಮುಚ್ಚುವುದು. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ, ಫೈಲನ್ನು ಡಿಲೀಟ್ ಮಾಡುವುದಷ್ಟೇ ಅಲ್ಲ, ಅದನ್ನು ಬೇರೆ ಯಾರೂ ತೆರೆದು ನೋಡದ ಹಾಗೆ ಪರ್ಮಿಶನ್ ತೆಗೆದುಹಾಕುವುದು.

ಈ ‘ಮುಚ್ಚುವುದು’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಸುತ್ತವೇ ತಿರುಗುತ್ತದೆ.

ತೌಬಕ್ಕೆ ಏನೇನು ಬೇಕು ಅಂತ ಪಂಡಿತರು ಪಟ್ಟಿ ಮಾಡಿದ್ದಾರೆ. ಸಿರಿಯಾದ ನವವಿ (ಮರಣ 1277) ಕೊಡುವ ಪಟ್ಟಿ ಬಹಳ ಪ್ರಸಿದ್ಧ. ಮಾಡುತ್ತಿರುವ ಪಾಪವನ್ನು ನಿಲ್ಲಿಸಬೇಕು. ಮಾಡಿದ್ದಕ್ಕೆ ಮನಸ್ಸಿನಲ್ಲಿ ನೋವಿರಬೇಕು. ಇನ್ನು ಮಾಡುವುದಿಲ್ಲ ಅನ್ನುವ ನಿರ್ಧಾರವಿರಬೇಕು. ಪಾಪದಿಂದ ಇನ್ನೊಬ್ಬರಿಗೆ ನಷ್ಟವಾಗಿದ್ದರೆ ನಾಲ್ಕನೆಯದೂ ಒಂದಿದೆ, ಅವರದನ್ನು ಅವರಿಗೆ ಹಿಂತಿರುಗಿಸಬೇಕು ಅಥವಾ ಅವರ ಕ್ಷಮೆ ಕೇಳಬೇಕು. ಈ ಪಟ್ಟಿಯಲ್ಲಿ ಏನಿಲ್ಲ ನೋಡಿ. ಪುರೋಹಿತರಿಲ್ಲ, ಪಾದ್ರಿ ಇಲ್ಲ, ಮುಲ್ಲಾ ಕೂಡ ಇಲ್ಲ. ಹೆಚ್ಚೂಕಡಿಮೆ ಅದೇ ಶತಮಾನದಲ್ಲಿ, 1215ರಲ್ಲಿ, ರೋಮಿನಲ್ಲಿ ನಡೆದ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೆ ಒಂದು ಸಲವಾದರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿಕೊಳ್ಳಬೇಕು ಅಂತ ಕಡ್ಡಾಯ ಮಾಡಿತು. ಇಸ್ಲಾಮಿನ ದಾರಿ ಬೇರೆಯಾಯಿತು. ಪಾಪವನ್ನು ಇನ್ನೊಬ್ಬ ಮನುಷ್ಯನಿಗೆ ಹೇಳಬೇಕಾಗಿಲ್ಲ ಅಂತ ಮಾತ್ರವಲ್ಲ, ಹೇಳಲೇಬಾರದು ಅನ್ನುವವರೆಗೆ ಹೋಯಿತು.

ಹೇಳಲೇಬಾರದೇ? ಹೌದು. ಬುಖಾರಿಯವರ (ಮರಣ 870) ಹದೀಸ್ ಸಂಗ್ರಹದಲ್ಲಿ ಬರುವ ಒಂದು ಮಾತಿನ ತಾತ್ಪರ್ಯ ಹೀಗಿದೆ: ನನ್ನ ಸಮುದಾಯದ ಎಲ್ಲರಿಗೂ ಕ್ಷಮೆ ಇದೆ, ತಮ್ಮ ಪಾಪವನ್ನು ತಾವೇ ಸಾರಿಕೊಂಡು ತಿರುಗುವವರಿಗೆ ಬಿಟ್ಟು. ರಾತ್ರಿ ಮಾಡಿದ್ದನ್ನು ದೇವರು ಮುಚ್ಚಿಟ್ಟಿರುತ್ತಾನೆ, ಬೆಳಗಾದ ಕೂಡಲೇ ಇವನೇ ಆ ಹೊದಿಕೆಯನ್ನು ಕಿತ್ತು ನಿನ್ನೆ ಹೀಗೆ ಮಾಡಿದೆ, ಹಾಗೆ ಮಾಡಿದೆ ಅಂತ ಹೇಳಿಕೊಳ್ಳುತ್ತಾನೆ. ಈಗಿನ ಸ್ಟೇಟಸ್ ಅಪ್‌ಡೇಟ್ ಹಾಕುವವರು ಸ್ವಲ್ಪ ಎಚ್ಚರಿಕೆಯಿಂದ ಇರಬೇಕು :)

ತಮಾಷೆ ಬಿಡಿ. ಈ ವಿಚಾರದಲ್ಲಿ ಪ್ರಾಣವೇ ಹೋದ ಒಂದು ಪ್ರಸಂಗವಿದೆ. ಮದೀನಾದಲ್ಲಿ ಅಸ್ಲಮ್ ಎಂಬ ಬುಡಕಟ್ಟಿನ ಮಾಇಜ್ ಬಿನ್ ಮಾಲಿಕ್ ಅನ್ನುವವನು ವ್ಯಭಿಚಾರ ಮಾಡಿ ಪ್ರವಾದಿ ಮುಹಮ್ಮದರ ಹತ್ತಿರ ಬಂದು ಒಪ್ಪಿಕೊಂಡ. ಪ್ರವಾದಿ ಮುಖ ತಿರುಗಿಸಿಕೊಂಡರು. ಅವನು ಆ ಕಡೆಗೆ ಬಂದು ಮತ್ತೆ ಹೇಳಿದ. ಮತ್ತೆ ಮುಖ ತಿರುಗಿಸಿದರು. ಹೀಗೆ ನಾಲ್ಕು ಸಲ. ಆಮೇಲೂ ಇವನಿಗೆ ತಲೆ ಕೆಟ್ಟಿದೆಯೇ, ಕುಡಿದಿದ್ದಾನೆಯೇ, ಬರೀ ಮುತ್ತು ಕೊಟ್ಟದ್ದನ್ನೇ ಹೀಗೆ ಹೇಳುತ್ತಿದ್ದಾನೆಯೇ ಅಂತೆಲ್ಲ ವಿಚಾರಿಸಿದರು. ತಪ್ಪಿಸಿಕೊಳ್ಳಲು ಇಷ್ಟೆಲ್ಲ ದಾರಿ ಕೊಟ್ಟರೂ ಅವನು ಬಿಡಲಿಲ್ಲ, ಕೊನೆಗೆ ಕಲ್ಲು ಹೊಡೆಯುವ ಶಿಕ್ಷೆಯಾಯಿತು. ಕಲ್ಲೇಟು ತಾಗಿದಾಗ ಅವನು ಓಡಿದ. ಜನ ಬೆನ್ನಟ್ಟಿ ಹಿಡಿದು ಕೊಂದರು. ಸುದ್ದಿ ತಿಳಿದ ಪ್ರವಾದಿ ಕೇಳಿದ್ದು, ಅವನನ್ನು ಯಾಕೆ ಬಿಟ್ಟುಬಿಡಲಿಲ್ಲ, ಅವನು ಪಶ್ಚಾತ್ತಾಪ ಪಡುತ್ತಿದ್ದ, ದೇವರು ಸ್ವೀಕರಿಸುತ್ತಿದ್ದನಲ್ಲ ಅಂತ. ಅವನನ್ನು ಹೋಗಿ ಒಪ್ಪಿಕೋ ಅಂತ ಕಳಿಸಿದವನು ಹಜ್ಜಾಲ್ ಅನ್ನುವವನು. ಪ್ರವಾದಿ ಅವನಿಗೆ, ನಿನ್ನ ಬಟ್ಟೆಯಿಂದಲಾದರೂ ಅವನನ್ನು ಮುಚ್ಚಿದ್ದರೆ ನಿನಗೇ ಒಳ್ಳೆಯದಿತ್ತು ಅಂದರಂತೆ.

ಮಾಲಿಕ್ ಬಿನ್ ಅನಸ್ (ಮರಣ 795) ಸಂಕಲಿಸಿದ ‘ಮುವತ್ತಾ’ದಲ್ಲಿ ಇದಕ್ಕೆ ಹಿಂದಿನ ಭಾಗವೊಂದಿದೆ. ಅಸ್ಲಮ್ ಬುಡಕಟ್ಟಿನ ಆ ಮನುಷ್ಯ ಪ್ರವಾದಿಯ ಹತ್ತಿರ ಹೋಗುವ ಮೊದಲು ಅಬೂಬಕರ್ ಹತ್ತಿರ ಹೋಗಿದ್ದ. ನನಗಲ್ಲದೆ ಬೇರೆ ಯಾರಿಗಾದರೂ ಹೇಳಿದ್ದೀಯಾ ಅಂತ ಅವರು ಕೇಳಿದರು. ಇಲ್ಲ ಅಂದ. ಹಾಗಾದರೆ ದೇವರ ಹೊದಿಕೆಯಲ್ಲೇ ಇರು, ತೌಬ ಮಾಡು, ಸಾಕು ಅಂದರು. ಮನಸ್ಸು ತಡೆಯದೆ ಉಮರ್ ಹತ್ತಿರ ಹೋದ. ಅವರೂ ಅದನ್ನೇ ಅಂದರು. ಮೂರು ಜನ, ಮೂವರೂ ‘ಸುಮ್ಮನಿರು, ಮನೆಗೆ ಹೋಗು’ ಅನ್ನುವ ಅರ್ಥದಲ್ಲೇ ಹೇಳಿದ್ದಾರೆ. ಶಿಕ್ಷೆ ಮಾತ್ರ ಭಯಂಕರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷೆ ಕೊಡುವ ಕೈ ಎಷ್ಟು ಹಿಂಜರಿಯುತ್ತಿದೆ ಅನ್ನುವುದು ನನಗೆ ಮುಖ್ಯವಾಗಿ ಕಂಡದ್ದು. ಕುರ್‌ಆನ್ ವ್ಯಭಿಚಾರದ ಆರೋಪಕ್ಕೆ ನಾಲ್ಕು ಜನ ಸಾಕ್ಷಿಗಳು ಬೇಕು ಅನ್ನುತ್ತದೆ. ಸಾಕ್ಷಿ ತರಲಾಗದಿದ್ದರೆ ಆರೋಪ ಮಾಡಿದವರಿಗೇ 80 ಛಡಿಯೇಟು! ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ನಾಲ್ಕು ಸಾಕ್ಷಿ ಎಲ್ಲಿಂದ ಸಿಗಬೇಕು? ಸಿಗಬಾರದು ಅಂತಲೇ ಆ ನಿಯಮ ಇರುವ ಹಾಗೆ ಕಾಣುತ್ತದೆ.

ಈಗ ಗೋಡೆಯ ಕಥೆಗೆ ಬರೋಣ. ಉಮರ್ 634ರಿಂದ 644ರವರೆಗೆ ಖಲೀಫರಾಗಿದ್ದರು. ರಾತ್ರಿ ಹೊತ್ತು ಮದೀನಾದ ಬೀದಿಗಳಲ್ಲಿ ಗಸ್ತು ತಿರುಗುವ ಅಭ್ಯಾಸ ಅವರಿಗೆ. ನಮ್ಮ ಮಾರುವೇಷದ ರಾಜರ ಕಥೆಗಳ ಹಾಗೆ. ಒಂದು ರಾತ್ರಿ ಒಂದು ಮನೆಯೊಳಗಿಂದ ಗಲಾಟೆ ಕೇಳಿಸಿತು. ಖಲೀಫರು ಗೋಡೆ ಹತ್ತಿ ಒಳಗೆ ಇಳಿದೇಬಿಟ್ಟರು. ನೋಡಿದರೆ ಒಬ್ಬ ಗಂಡಸು, ಹತ್ತಿರ ಒಬ್ಬಳು ಹೆಂಗಸು, ಮದ್ಯದ ಪಾತ್ರೆ. ಪಾಪ ಮಾಡಿ ದೇವರು ಮುಚ್ಚಿಡುತ್ತಾನೆ ಅಂದುಕೊಂಡೆಯಾ ಅಂತ ಉಮರ್ ಗದರಿಸಿದರು. ಆ ಮನುಷ್ಯ ಹೆದರಲಿಲ್ಲ. ನಾನು ಮಾಡಿದ ತಪ್ಪು ಒಂದು, ನೀವು ಮಾಡಿದ್ದು ಮೂರು ಅಂದ. ಗೂಢಚರ್ಯೆ ಮಾಡಬಾರದು ಅಂತ ಕುರ್‌ಆನ್ ಹೇಳಿದೆ, ನೀವು ಮಾಡಿದಿರಿ. ಮನೆಗಳಿಗೆ ಬಾಗಿಲಿನಿಂದ ಬರಬೇಕು ಅಂತ ಹೇಳಿದೆ, ನೀವು ಗೋಡೆ ಹಾರಿದಿರಿ. ಅನುಮತಿ ಕೇಳಿ, ಸಲಾಂ ಹೇಳಿ ಒಳಗೆ ಬರಬೇಕು ಅಂತ ಹೇಳಿದೆ, ನೀವು ಎರಡೂ ಮಾಡಲಿಲ್ಲ. ಉಮರ್ ಹತ್ತಿರ ಉತ್ತರವಿರಲಿಲ್ಲ. ತೌಬ ಮಾಡು ಅಂತ ಹೇಳಿ ಅವನನ್ನು ಬಿಟ್ಟು ಬಂದರು.

ಇದು ಹೀಗೇ ನಡೆಯಿತು ಅಂತ ಯಾರೂ ಆಣೆ ಮಾಡಬೇಕಾಗಿಲ್ಲ. ಆದರೆ ಈ ಕಥೆಯನ್ನು ಶತಮಾನಗಳ ಕಾಲ ಹೇಳಿಕೊಂಡು ಬಂದರಲ್ಲ, ಅದೇ ಇತಿಹಾಸ. ಅಷ್ಟು ಕಟ್ಟುನಿಟ್ಟಿನ ಖಲೀಫನನ್ನು ಒಬ್ಬ ಕುಡುಕ ಸೋಲಿಸುವ ಕಥೆಯನ್ನು ಧರ್ಮಪಂಡಿತರೇ ಸಂತೋಷದಿಂದ ಬರೆದಿಟ್ಟಿದ್ದಾರೆ!

ಹಾಗಂತ ಎಲ್ಲವೂ ಚೆಂದವಾಗಿತ್ತು ಅನ್ನಲಾರೆ. ಇದೇ ಉಮರ್ ಕಾಲದಲ್ಲಿ, 638ರ ಸುಮಾರಿಗೆ, ಬಸ್ರಾದ ರಾಜ್ಯಪಾಲ ಮುಗೀರಾ ಬಿನ್ ಶುಅಬಾ ಮೇಲೆ ವ್ಯಭಿಚಾರದ ಆರೋಪ ಬಂತು. ಗಾಳಿಗೆ ಬಾಗಿಲು ತೆರೆದುಕೊಂಡು ಎದುರುಮನೆಯವರ ಕಣ್ಣಿಗೆ ಬಿದ್ದಿತ್ತಂತೆ. ನಾಲ್ಕು ಜನ ಸಾಕ್ಷಿ ಹೇಳಲು ಮದೀನಾಕ್ಕೆ ಹೋದರು. ಮೂವರು ಖಂಡಿತವಾಗಿ ಹೇಳಿದರು. ನಾಲ್ಕನೆಯವನಾದ ಜಿಯಾದ್ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ ಅಂದ. ರಾಜ್ಯಪಾಲ ಬಚಾವಾದ, ಉಳಿದ ಮೂವರಿಗೆ ಛಡಿಯೇಟು ಬಿತ್ತು. ಉಮರ್ ಮುಗೀರಾನನ್ನು ಬಸ್ರಾದಿಂದ ತೆಗೆದರು ನಿಜ, ಆದರೆ ಕೆಲವು ವರ್ಷಗಳ ನಂತರ ಅವನೇ ಕೂಫಾದ ರಾಜ್ಯಪಾಲನಾದ. ಗೋಡೆ ಬಡವನನ್ನು ಖಲೀಫನಿಂದ ಕಾಪಾಡುತ್ತದೆ ಅನ್ನುವುದು ಎಷ್ಟು ನಿಜವೋ, ದೊಡ್ಡವರನ್ನು ಊರಿನ ಮಾತಿನಿಂದ ಕಾಪಾಡುತ್ತದೆ ಅನ್ನುವುದೂ ಅಷ್ಟೇ ನಿಜ. ಇದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿಯವರೆಗೆ ಒಬ್ಬೊಬ್ಬರ ಪಾಪದ ಮಾತಾಯಿತು. ಮುಂದೆ ಈ ಪ್ರಶ್ನೆ ಇಡೀ ಸಾಮ್ರಾಜ್ಯವನ್ನೇ ಅಲ್ಲಾಡಿಸಿತು. 657ರಲ್ಲಿ ಸಿಫ್ಫೀನ್ ಯುದ್ಧದ ನಂತರ ಖಲೀಫ ಅಲಿಯವರ ಪಾಳೆಯದಿಂದ ಸಿಡಿದು ಹೊರಹೋದವರು ಖಾರಿಜಿಗಳು. ಅವರ ಪ್ರಕಾರ ದೊಡ್ಡ ಪಾಪ ಮಾಡಿದವನು ಮುಸ್ಲಿಮನೇ ಅಲ್ಲ. ಅವರಲ್ಲಿ ತೀವ್ರವಾದಿಗಳಾದವರು ಅಂಥವನನ್ನು ಕೊಲ್ಲಬಹುದು ಅಂದರು. 661ರಲ್ಲಿ ಅಲಿಯವರನ್ನೇ ಕೂಫಾದ ಮಸೀದಿಯಲ್ಲಿ ಒಬ್ಬ ಖಾರಿಜಿ ಕೊಂದ. ಇದಕ್ಕೆ ಎದುರಾಗಿ ಮುರ್ಜಿಅ ಅನ್ನುವವರು ಹುಟ್ಟಿಕೊಂಡರು. ಅವರ ಹೆಸರಿನ ಅರ್ಥವೇ ‘ಮುಂದಕ್ಕೆ ಹಾಕುವವರು’. ಪಾಪಿಯ ತೀರ್ಪು ದೇವರಿಗೆ ಬಿಟ್ಟದ್ದು, ನಾವು ಇಲ್ಲಿ ಕೂತು ಅವನನ್ನು ಹೊರಗೆ ಹಾಕುವುದು ಬೇಡ ಅನ್ನುವುದು ಅವರ ವಾದ.

ಬಸ್ರಾದ ಮಸೀದಿಯಲ್ಲಿ ಹಸನ್ ಅಲ್ ಬಸ್ರಿ (ಮರಣ 728) ಪಾಠ ಹೇಳುತ್ತಿದ್ದಾಗ ಯಾರೋ ಇದನ್ನೇ ಕೇಳಿದರಂತೆ: ದೊಡ್ಡ ಪಾಪ ಮಾಡಿದವನು ವಿಶ್ವಾಸಿಯೋ ಅವಿಶ್ವಾಸಿಯೋ? ಗುರುಗಳು ಬಾಯಿ ತೆರೆಯುವ ಮೊದಲೇ ಶಿಷ್ಯ ವಾಸಿಲ್ ಬಿನ್ ಅತಾ, ಎರಡೂ ಅಲ್ಲ, ನಡುವಿನ ಸ್ಥಿತಿ ಅಂದು ಎದ್ದು ಇನ್ನೊಂದು ಕಂಬದ ಹತ್ತಿರ ಹೋಗಿ ಕೂತ. ಅವನು ನಮ್ಮಿಂದ ಬೇರೆಯಾದ ಅಂದರು ಗುರುಗಳು. ಅಲ್ಲಿಂದ ಮುಅತಜಿಲಾ, ಅಂದರೆ ‘ಬೇರೆಯಾದವರು’ ಅನ್ನುವ ಪಂಥ ಹುಟ್ಟಿತು ಅಂತ ಕಥೆ. ಟ್ರೂ ಮತ್ತು ಫಾಲ್ಸ್ ಜೊತೆಗೆ ನಲ್ ಅನ್ನುವ ಮೂರನೆಯ ಬೆಲೆಯನ್ನು ಎಂಟನೆಯ ಶತಮಾನದಲ್ಲೇ ಕಂಡುಹಿಡಿದಿದ್ದರು ಅನ್ನಿ! ಕೊನೆಗೆ ಸುನ್ನಿಗಳಲ್ಲಿ ನೆಲೆಯಾಗಿ ನಿಂತ ಮಾತು ಮುರ್ಜಿಅಗಳಿಗೆ ಹತ್ತಿರವಾದದ್ದು. ಪಾಪ ಮಾಡಿದ ಮಾತ್ರಕ್ಕೆ ಯಾರೂ ಧರ್ಮದ ಹೊರಗಾಗುವುದಿಲ್ಲ, ತೌಬ ಮಾಡದೆ ಸತ್ತರೂ ಕ್ಷಮಿಸುವುದು ಬಿಡುವುದು ದೇವರ ಇಚ್ಛೆ.

ಇದನ್ನು ತತ್ವವಾಗಿ ಮಾತ್ರವಲ್ಲ, ಬದುಕಿನಲ್ಲಿ ತೋರಿಸಿದವರು ಕೂಫಾದ ಇಮಾಮ್ ಅಬೂ ಹನೀಫಾ (ಮರಣ 767). ರೇಷ್ಮೆ ಬಟ್ಟೆಯ ವ್ಯಾಪಾರಿ, ಮಹಾ ಪಂಡಿತ. ಅವರ ಪಕ್ಕದ ಮನೆಯಲ್ಲಿ ಒಬ್ಬ ಚಮ್ಮಾರ. ಹಗಲೆಲ್ಲ ದುಡಿದು ರಾತ್ರಿ ಕುಡಿದು, ನನ್ನ ಬೆಲೆ ಯಾರಿಗೂ ತಿಳಿಯಲಿಲ್ಲ, ನನ್ನನ್ನು ಕಳೆದುಕೊಂಡರು ಅನ್ನುವ ಅರ್ಥದ ಹಾಡನ್ನು ಗಟ್ಟಿಯಾಗಿ ಹಾಡುವವನು. ರಾತ್ರಿಯಿಡೀ ಪ್ರಾರ್ಥನೆ ಮಾಡುತ್ತಿದ್ದ ಇಮಾಮರಿಗೆ ದಿನಾ ಅದೇ ಹಾಡು. ಒಂದು ರಾತ್ರಿ ಹಾಡು ಕೇಳಿಸಲಿಲ್ಲ. ವಿಚಾರಿಸಿದರೆ ಗಸ್ತಿನವರು ಹಿಡಿದುಕೊಂಡು ಹೋಗಿದ್ದಾರೆ. ಬೇರೆಯವರಾಗಿದ್ದರೆ ‘ಸದ್ಯ, ಪೀಡೆ ತೊಲಗಿತು’ ಅಂತ ನಿದ್ದೆ ಮಾಡುತ್ತಿದ್ದರು. ಇಮಾಮರು ಬೆಳಿಗ್ಗೆ ಕತ್ತೆಕುದುರೆ ಹತ್ತಿ ರಾಜ್ಯಪಾಲನ ಹತ್ತಿರ ಹೋಗಿ ಬಿಡಿಸಿಕೊಂಡು ಬಂದರು. ದಾರಿಯಲ್ಲಿ ಹಿಂದೆ ನಡೆದು ಬರುತ್ತಿದ್ದ ಅವನ ಕಡೆ ತಿರುಗಿ, ಏನಪ್ಪಾ, ನಾವು ನಿನ್ನನ್ನು ಕಳೆದುಕೊಂಡೆವೇ ಅಂತ ಕೇಳಿದರಂತೆ. ಒಂದು ಉಪದೇಶವಿಲ್ಲ, ಬೈಗುಳವಿಲ್ಲ. ಆಮೇಲೆ ಅವನು ಕುಡಿತ ಬಿಟ್ಟ. ಅವನ ಪಾಪ ಇಮಾಮರಿಗೆ ಅಷ್ಟು ದಿನದಿಂದ ಗೊತ್ತಿತ್ತು, ಒಂದು ದಿನವೂ ದೂರು ಕೊಟ್ಟಿರಲಿಲ್ಲ ಅನ್ನುವುದನ್ನು ಗಮನಿಸಿ.

ಹನ್ನೊಂದನೆಯ ಶತಮಾನದ ಹೊತ್ತಿಗೆ ಈ ಕಥೆಗಳೆಲ್ಲ ನಿಯಮಗಳಾದವು. ಆಗಿನ ಪಟ್ಟಣಗಳಲ್ಲಿ ‘ಮುಹ್ತಸಿಬ್’ ಅನ್ನುವ ಅಧಿಕಾರಿ ಇರುತ್ತಿದ್ದ. ಪೇಟೆಯ ತೂಕ, ಅಳತೆ, ಕಲಬೆರಕೆಗಳ ಜೊತೆಗೆ ಜನರ ನಡತೆಯನ್ನೂ ನೋಡಿಕೊಳ್ಳುವ ಕೆಲಸ ಅವನದು. ಬಗ್ದಾದಿನ ನ್ಯಾಯಾಧೀಶ ಮಾವರ್ದಿ (ಮರಣ 1058) ಇವನ ಅಧಿಕಾರಕ್ಕೆ ಬೇಲಿ ಹಾಕಿದ. ಕಣ್ಣಿಗೆ ಕಾಣದ ಪಾಪವನ್ನು ಹುಡುಕಿಕೊಂಡು ಹೋಗುವಂತಿಲ್ಲ. ಒಂದೇ ಅಪವಾದ: ಒಳಗೆ ಯಾರನ್ನೋ ಕೊಲ್ಲಲು ಕರೆದೊಯ್ದಿದ್ದಾರೆ, ಅತ್ಯಾಚಾರ ನಡೆಯಲಿದೆ ಅನ್ನುವಂಥ ನಂಬಬಹುದಾದ ಸುದ್ದಿ ಬಂದರೆ ಮಾತ್ರ ಒಳನುಗ್ಗಬಹುದು, ಯಾಕೆಂದರೆ ತಡಮಾಡಿದರೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಮಾವರ್ದಿ ಸತ್ತ ವರ್ಷವೇ ಹುಟ್ಟಿದ ಗಜಾಲಿ (1058-1111) ಇನ್ನೂ ಒಳಗೆ ಹೋದ. ಬಗ್ದಾದಿನ ದೊಡ್ಡ ವಿದ್ಯಾಪೀಠದ ಹುದ್ದೆಯನ್ನು 1095ರಲ್ಲಿ ಬಿಟ್ಟು ಹೊರಟವನು ಈತ. ಆಮೇಲೆ ಬರೆದ, ನಲವತ್ತು ಭಾಗಗಳ ಅವನ ಮಹಾಗ್ರಂಥದಲ್ಲಿ ಕೊನೆಯ ಹತ್ತು ಭಾಗಗಳು ಶುರುವಾಗುವುದೇ ತೌಬದಿಂದ. ಬಾಗಿಲು ಮುಚ್ಚಿದ ಮನೆಗೆ ನುಗ್ಗಬಾರದು, ಕುಡುಕರ ಗಲಾಟೆ ಬೀದಿಗೇ ಕೇಳಿಸುತ್ತಿದ್ದರೆ ಮಾತು ಬೇರೆ, ಅನ್ನುತ್ತಾನೆ. ಉಮರ್ ಗೋಡೆ ಹಾರಿದ ಕಥೆಯನ್ನು ಹೇಳುವವನೂ ಇವನೇ. ತಪ್ಪು ಮಾಡಿದವನು ನನ್ನನ್ನು ಶಿಕ್ಷಿಸಿ ಅಂತ ತಾನಾಗಿ ಕಾಜಿಯ ಹತ್ತಿರ ಹೋಗಬೇಕಾಗಿಲ್ಲ, ಮುಚ್ಚಿಟ್ಟುಕೊಂಡು ದೇವರ ಹತ್ತಿರ ತೌಬ ಮಾಡಿದರೆ ಸಾಕು ಅನ್ನುತ್ತಾನೆ. ಆದರೆ ಇನ್ನೊಬ್ಬರ ದುಡ್ಡು ತಿಂದಿದ್ದರೆ? ಒಂದೊಂದು ಕಾಸಿನ ಲೆಕ್ಕ ಹಾಕಿ ವಾಪಸು ಕೊಡಬೇಕು. ಅಲ್ಲಿ ಗಜಾಲಿ ಒಂದಿಷ್ಟೂ ರಿಯಾಯಿತಿ ಕೊಡುವುದಿಲ್ಲ.

ನಿಯಮ ಬರೆದವರು ಬಗ್ದಾದಿನವರು. ರಾಜರು ಅದನ್ನು ಕೇಳಿದರೇ? ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಸಿಗುತ್ತದೆ. ಅಲ್ಲಾವುದ್ದೀನ್ ಖಿಲ್ಜಿಯ (1296-1316) ದೆಹಲಿಯಲ್ಲಿ.

ಶಾಲೆಯಲ್ಲಿ ಅವನ ಮಾರುಕಟ್ಟೆ ಸುಧಾರಣೆ ಓದಿದ್ದೇವೆ, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ! ಇದು ಅದರ ಜೊತೆಗಿನ ಕಥೆ. 1300ರ ಆಸುಪಾಸಿನಲ್ಲಿ ಅವನ ಮೇಲೆ ಒಂದರ ಹಿಂದೊಂದು ದಂಗೆಗಳಾದವು. ಇದಕ್ಕೆ ಕಾರಣ ಏನು ಅಂತ ಆಪ್ತರ ಜೊತೆ ಕೂತು ಯೋಚಿಸಿದಾಗ ಸಿಕ್ಕ ಕಾರಣಗಳಲ್ಲಿ ಒಂದು, ಜನರ ಸಂಗತಿ ಸುಲ್ತಾನನಿಗೆ ತಿಳಿಯದಿರುವುದು. ಇನ್ನೊಂದು, ಕುಡಿತದ ಕೂಟಗಳು. ಅಲ್ಲಿ ನಾಲಿಗೆ ಸಡಿಲವಾಗುತ್ತದೆ, ಸ್ನೇಹ ಬೆಳೆಯುತ್ತದೆ, ಸಂಚು ಹುಟ್ಟುತ್ತದೆ. ಸುಲ್ತಾನ ತನ್ನದೇ ಮದ್ಯದ ಪಾತ್ರೆಗಳನ್ನು ಒಡೆಸಿ ಬದಾಯೂಂ ಬಾಗಿಲ ಹತ್ತಿರ ಸುರಿಸಿದ. ಮಳೆಗಾಲದ ಹಾಗೆ ಕೆಸರಾಯಿತು ಅಂತ ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆಯುತ್ತಾನೆ. ಎಲ್ಲ ಕಡೆ ಗೂಢಚಾರರು. ಅಮೀರರು ಅರಮನೆಯಲ್ಲಿ ಬಾಯಿಬಿಟ್ಟು ಮಾತಾಡಲು ಹೆದರಿ ಸನ್ನೆಯಲ್ಲೇ ಮಾತಾಡುತ್ತಿದ್ದರಂತೆ. ಕುಡಿದು ಸಿಕ್ಕಿಬಿದ್ದವರಿಗೆ ಅದೇ ಬಾಗಿಲ ಹೊರಗೆ ತೋಡಿದ ಗುಂಡಿಗಳೇ ಸೆರೆಮನೆ. ಅಲ್ಲಿ ಬಹಳ ಜನ ಸತ್ತರು.

ಕುಡಿತ ನಿಂತಿತೇ? ಹುಲ್ಲಿನ ಹೊರೆಯಲ್ಲಿ, ಸೌದೆಯ ಅಡಿಯಲ್ಲಿ ಮದ್ಯ ಊರೊಳಗೆ ಬರುತ್ತಲೇ ಇತ್ತು. ಕೊನೆಗೆ ಸುಲ್ತಾನನೇ ಇಳಿದು ಬಂದ. ತನ್ನ ಮನೆಯಲ್ಲೇ ಭಟ್ಟಿ ಇಳಿಸಿ, ಮಾರದೆ, ಕೂಟ ಸೇರಿಸದೆ, ಒಬ್ಬನೇ ಕುಡಿದರೆ ಗೂಢಚಾರರು ಅವನ ತಂಟೆಗೆ ಹೋಗಬಾರದು ಅಂತ ಆಜ್ಞೆ ಮಾಡಿದ. ಶಾಸ್ತ್ರ ಓದಿ ಬಂದ ಬುದ್ಧಿಯಲ್ಲ ಇದು. ಮನೆಯ ಬಾಗಿಲಿನವರೆಗೆ ಮಾತ್ರ ರಾಜ್ಯದ ಕೈ ಹೋಗುತ್ತದೆ ಅಂತ ಅನುಭವದಿಂದ ಕಲಿತದ್ದು.

ಇದೇ ವರ್ಷಗಳಲ್ಲಿ, ಇದೇ ದೆಹಲಿಯ ಅಂಚಿನಲ್ಲಿ, ಯಮುನೆಯ ದಡದ ಗಿಯಾಸ್‌ಪುರದಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಅದು ಸೂಫಿ ಸಂತ ನಿಜಾಮುದ್ದೀನ್ ಔಲಿಯಾ (ಮರಣ 1325) ಅವರದು. ಚಿಶ್ತಿ ಪರಂಪರೆಯಲ್ಲಿ ಶಿಷ್ಯನಾಗುವ ಮೊದಲ ಹೆಜ್ಜೆಯೇ ತೌಬ. ಶ್ರೀಮಂತ, ಬಡವ, ಓದಿದವನು, ಓದದವನು, ಸೈನಿಕ, ಗುಲಾಮ, ಯಾರು ಬಂದರೂ ಅವರು ಸೇರಿಸಿಕೊಂಡರು ಅಂತ ಬರೆಯುವವನೂ ಅದೇ ಬರನಿ. ಜಾರಿ ಬಿದ್ದವನು ಮತ್ತೆ ಬಂದರೆ ಮತ್ತೆ ತೌಬ. ಕ್ಷಮಿಸುವವರು ಶೇಖ್ ಅಲ್ಲ, ದೇವರೇ. ಶೇಖ್ ಕೈಹಿಡಿದು ನಿಲ್ಲಿಸುವವರು ಮಾತ್ರ. ಬಂದವರನ್ನೆಲ್ಲ ಯಾಕೆ ಹೀಗೆ ಸೇರಿಸಿಕೊಳ್ಳುತ್ತೀರಿ ಅಂತ ಸ್ವತಃ ಶಿಷ್ಯನಾದ ಬರನಿಗೇ ಅನುಮಾನ ಬಂದು ಕೇಳಿದ್ದನಂತೆ. ಹೀಗೆ ಬಂದವರಲ್ಲಿ ಬಹಳ ಜನ ಪಾಪದಿಂದ ದೂರ ಇದ್ದಾರೆ ಅಂತ ಕೇಳಿದ್ದೇನೆ ಅನ್ನುವುದು ಅವರು ಕೊಟ್ಟ ಉತ್ತರಗಳಲ್ಲಿ ಒಂದು. ಕವಿ ಅಮೀರ್ ಹಸನ್ ಸಿಜ್ಜಿ 1308ರಲ್ಲಿ ಅವರ ಮಾತುಗಳನ್ನು ಬರೆದಿಡಲು ಶುರುಮಾಡಿದ. ಮೊದಲ ದಿನದ ಮಾತೇ ತೌಬದ ಬಗ್ಗೆ. ಪಾಪವನ್ನೇ ಮಾಡದವನು, ಪಾಪದ ರುಚಿ ನೋಡಿ ಬಿಟ್ಟವನು ಇಬ್ಬರೂ ಸಮ ಅನ್ನುವುದು ಅದರ ಸಾರ.

ಸುಲ್ತಾನನಿಗೆ ಇವರನ್ನು ನೋಡುವ ಆಸೆಯಾದಾಗ, ನನ್ನ ಮನೆಗೆ ಎರಡು ಬಾಗಿಲಿವೆ, ಸುಲ್ತಾನ ಒಂದರಿಂದ ಬಂದರೆ ನಾನು ಇನ್ನೊಂದರಿಂದ ಹೋಗುತ್ತೇನೆ ಅಂದರಂತೆ! ಒಂದೇ ಊರು, ಒಂದೇ ಕಾಲ, ಒಂದೇ ಕುಡುಕರು. ಒಬ್ಬ ಗೂಢಚಾರರನ್ನು ಕಳಿಸಿದ, ಇನ್ನೊಬ್ಬರು ಬಾಗಿಲು ತೆರೆದಿಟ್ಟರು. ಸುಲ್ತಾನನ ಗುಂಡಿಗಳು ಮಣ್ಣು ಮುಚ್ಚಿ ಹೋಗಿ ಎಷ್ಟೋ ಶತಮಾನಗಳಾದವು. ನಿಜಾಮುದ್ದೀನರ ದರ್ಗಾಕ್ಕೆ ಇವತ್ತಿಗೂ ಜನ ಹೋಗುತ್ತಾರೆ. ಆ ಪರಂಪರೆಯ ಒಂದು ಕೊಂಬೆ ನಮ್ಮ ಕಡೆಗೂ ಬಂತು. ನಿಜಾಮುದ್ದೀನರ ಶಿಷ್ಯನ ಶಿಷ್ಯರಾದ ಗೇಸುದರಾಜ್, 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು ಕಲಬುರಗಿಗೆ ಬಂದು ನೆಲೆಸಿ 1422ರಲ್ಲಿ ತೀರಿಕೊಂಡರು. ಬಂದೇನವಾಜ್ ಅಂತ ಆ ಕಡೆಯ ಜನ ಭಕ್ತಿಯಿಂದ ಕರೆಯುವುದು ಇವರನ್ನೇ.

ಈಗ ಆಗಲೇ ಬಾಕಿ ಉಳಿಸಿದ್ದ ಪ್ರಶ್ನೆ. ಈ ‘ಮುಚ್ಚುವುದು’ ದೊಡ್ಡವರ ರಕ್ಷಣೆಗೆ ಬಳಕೆಯಾದರೆ? ಅದಕ್ಕಿಂತ ಕೆಟ್ಟದ್ದೂ ಆಗಬಹುದು ಅಂತ ತೋರಿಸಿದ್ದು ಪಾಕಿಸ್ತಾನ. 1979ರಲ್ಲಿ ಜಿಯಾ ಉಲ್ ಹಕ್ ಸರ್ಕಾರ ಹುದೂದ್ ಕಾನೂನುಗಳನ್ನು ತಂದಿತು. ಅತ್ಯಾಚಾರಕ್ಕೆ ಗರಿಷ್ಠ ಶಿಕ್ಷೆಯಾಗಬೇಕಾದರೆ ತಪ್ಪೊಪ್ಪಿಗೆ ಇರಬೇಕು, ಇಲ್ಲವೇ ನಾಲ್ಕು ಜನ ಗಂಡಸರ ಸಾಕ್ಷಿ ಬೇಕು. ಆರೋಪ ಸಾಬೀತಾಗದಿದ್ದರೆ, ದೂರು ಕೊಟ್ಟ ಹೆಣ್ಣಿನ ಮಾತನ್ನೇ ಅವಳ ವ್ಯಭಿಚಾರದ ಒಪ್ಪಿಗೆ ಅಂತ ತಿರುಗಿಸುವುದು ಸಾಧ್ಯವಾಯಿತು. 1983ರಲ್ಲಿ ಕಣ್ಣು ಕಾಣದ ಒಬ್ಬ ಹುಡುಗಿಗೆ ಅವಳ ಬಸಿರನ್ನೇ ಸಾಕ್ಷಿ ಮಾಡಿ ಜೈಲು ಮತ್ತು ಛಡಿಯೇಟಿನ ಶಿಕ್ಷೆ ಕೊಟ್ಟರು. ದೊಡ್ಡ ಕೂಗೆದ್ದ ಮೇಲೆ ಫೆಡರಲ್ ಶರಿಯತ್ ಕೋರ್ಟು ಅದನ್ನು ರದ್ದು ಮಾಡಿತು. 2006ರಲ್ಲಿ ಮಹಿಳಾ ರಕ್ಷಣಾ ಕಾನೂನು ಬಂದು ಅತ್ಯಾಚಾರವನ್ನು ಅಲ್ಲಿಂದ ತೆಗೆದು ಮಾಮೂಲಿ ದಂಡಸಂಹಿತೆಗೆ ಸೇರಿಸಿದರು. ಮಾಇಜ್ ಬಂದಾಗ ಮುಖ ತಿರುಗಿಸಿದ್ದು ಒಬ್ಬ ಮನುಷ್ಯನ ಮಾನ, ಪ್ರಾಣ ಉಳಿಸಲು. ಅದೇ ನಾಲ್ಕು ಸಾಕ್ಷಿಯ ನಿಯಮವನ್ನು ಇಲ್ಲಿ ನೊಂದವಳ ಮೇಲೆಯೇ ತಿರುಗಿಸಿದ್ದರು.

ನನಗೆ ಅನ್ನಿಸುವುದು ಇಷ್ಟು. ನವವಿಯ ಪಟ್ಟಿಯ ನಾಲ್ಕನೆಯ ಸಾಲಿನಲ್ಲೇ ಇದಕ್ಕೆ ಉತ್ತರ ಇದೆ. ಪಾಪ ನಿನಗೂ ದೇವರಿಗೂ ನಡುವಿನದಾದರೆ ಮುಚ್ಚು, ತಿರುಗಿ ಬಾ, ಮುಗಿಯಿತು. ಅದರಿಂದ ಇನ್ನೊಬ್ಬರಿಗೆ ನೋವಾಗಿದ್ದರೆ ಅದು ಖಾಸಗಿ ಪಾಪವೇ ಅಲ್ಲ. ಅಲ್ಲಿ ಗೋಡೆಯ ಮಾತು ಎತ್ತುವ ಹಕ್ಕು ಮಾಡಿದವನಿಗಿಲ್ಲ, ನೊಂದವರಿಗೆ ನ್ಯಾಯ ಸಿಗದೆ ತೌಬವೂ ಪೂರ್ತಿಯಾಗುವುದಿಲ್ಲ. ಮಾವರ್ದಿ ಕೊಲೆ, ಅತ್ಯಾಚಾರಕ್ಕೆ ಮಾತ್ರ ಬಾಗಿಲು ಒಡೆಯಬಹುದು ಅಂದದ್ದು ಇದೇ ಲೆಕ್ಕದಲ್ಲಿ. ಗೆರೆಯನ್ನು ಸಾವಿರ ವರ್ಷದ ಹಿಂದೆಯೇ ಎಳೆದಿಟ್ಟಿದ್ದರು. ಅದನ್ನು ಅಳಿಸಿದವರು ಎರಡೂ ಕಡೆ ಇದ್ದಾರೆ, ಬೇರೆಯವರ ಮನೆಯ ಪಾಪ ಹುಡುಕುವವರು ಮತ್ತು ತಮ್ಮ ಕ್ರೌರ್ಯವನ್ನು ಮನೆಯ ವಿಷಯ ಅಂತ ಮುಚ್ಚುವವರು.

ಇದು ಅವರ ಧರ್ಮದ ಕಥೆ ಅಂತ ಸುಮ್ಮನಾಗುವಂಥದ್ದಲ್ಲ. 2017ರಲ್ಲಿ ನಮ್ಮ ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಾಗ ಆ ಕೇಸಿನ ಮೊದಲ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಯಾರು ಯಾರ ಜೊತೆ ಹೋದರು, ಯಾರ ಮನೆಯಲ್ಲಿ ಏನು ಬೇಯಿಸಿದರು ಅಂತ ಇಣುಕುವವರು ಎಲ್ಲ ಧರ್ಮದಲ್ಲೂ, ಎಲ್ಲ ಬೀದಿಯಲ್ಲೂ ಇದ್ದಾರೆ. ಆ ಮದೀನಾದ ಹೆಸರಿಲ್ಲದ ಕುಡುಕ ಖಲೀಫನಿಗೆ ಹಾಕಿದ ಲೆಕ್ಕವನ್ನು ಅವರಿಗೂ ಹಾಕಬಹುದು: ನನ್ನದು ಒಂದು, ನಿಮ್ಮದು ಮೂರು.

ನಿಮಗೆ ಗೊತ್ತಿರುವ ಇಂಥ ಕಥೆಗಳಿದ್ದರೆ ಹೇಳಿ, ಜಗಳವಿದ್ದರೂ ಹೇಳಿ :)